ಕುಚ್ಚಲಕ್ಕಿ, ತೆಂಗಿನಕಾಯಿ ಮತ್ತು ನಾಲ್ಕನೇ ನಟ್

ಕಳೆದ ಮಳೆಗಾಲದಲ್ಲಿ ಅಮ್ಮ ಮತ್ತು ಸೋದರಮಾವ ಮತ್ಸ್ಯಗಂಧ ಹಿಡಿದು ಮುಂಬಯಿಗೆ ಬಂದರು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಘಾಟ್ಕೋಪರ್‌ನ ನಮ್ಮ ಮನೆ ದೂರವೇನಲ್ಲ. ಡಿಕ್ಕಿಯಲ್ಲಿ ಕುಚ್ಚಲಕ್ಕಿ ಚೀಲ, ತೆಂಗಿನಕಾಯಿ, ಹಲಸಿನ ಹಪ್ಪಳದ ಡಬ್ಬ. ಛೇಡಾ ನಗರದ ಹತ್ತಿರ ಬರುವಾಗ ಎಡಬದಿಯ ಹಿಂದಿನ ಟೈರ್ ಕುಳಿತುಬಿಟ್ಟಿತು.

ಸ್ಟೆಪ್ನಿ ಇರುವುದು ಡಿಕ್ಕಿಯ ಅಡಿಯಲ್ಲಿ. ಅಕ್ಕಿ, ಕಾಯಿ ಎಲ್ಲ ರಸ್ತೆ ಬದಿಗೆ ಇಳಿಯಿತು. ಅಮ್ಮ ಕೊಡೆ ಹಿಡಿದದ್ದು ನನಗಲ್ಲ, ಹಪ್ಪಳಕ್ಕೆ.

ಜ್ಯಾಕ್ ಏರಿಸುವ ಮೊದಲು ನಟ್ ಸಡಿಲಿಸಬೇಕು ಎಂಬುದು ಗೊತ್ತಿತ್ತು. ಪಾನಾ ಹಾಕಿ ಎಳೆದೆ, ಅಲುಗಲಿಲ್ಲ. ಅದರ ಮೇಲೆ ಹತ್ತಿ ನಿಂತೆ, ಆಗಲೂ ಇಲ್ಲ. "ಹಾರಬೇಡ ಮಾರಾಯ!" ಎಂದು ಮಾವ ಕೂಗುವಷ್ಟರಲ್ಲಿ ಹಾರಿಯಾಗಿತ್ತು. ಮೂರು ನಟ್ ಹಾಗೇ ಬಿಟ್ಟವು. ನಾಲ್ಕನೆಯದು ಟಕ್ ಎಂದಿತು. ಬಿಟ್ಟಿತು ಎಂದು ಖುಷಿಪಟ್ಟು ನೋಡಿದರೆ, ಪಾನಾದೊಳಗೆ ನಟ್ ಜೊತೆ ಅರ್ಧ ಸ್ಟಡ್ಡೂ ಇತ್ತು.

ಮಾವ ಉಡುಪಿಯಲ್ಲಿ ಬಸ್ಸಿನ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದವರು. ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತು ಮುರಿದ ತುಂಡನ್ನು ತಿರುಗಿಸಿ ನೋಡಿದರು. "ಇದನ್ನು ನೀನೊಬ್ಬನೇ ಮುರಿದದ್ದಲ್ಲ. ಟೈಟ್ ಮಾಡಿದವ ಅರ್ಧ ಮುರಿದೇ ಕೊಟ್ಟಿದ್ದಾನೆ."

ನೆನಪಾಯಿತು. ಎರಡು ತಿಂಗಳ ಹಿಂದೆ ಟೈರ್ ಬದಲಿಸಿದ್ದೆ. ಅಂಗಡಿಯ ಹುಡುಗ ಗಾಳಿಯ ಗನ್ ಇಟ್ಟು ಗರ್ರ್ ಎನಿಸುವಾಗ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಅವನಿಗೂ ಇತ್ತು, ನನಗೂ ಇತ್ತು.

"ಮೂರು ನಟ್ ಉಂಟಲ್ಲ, ನಿಧಾನ ಹೋಗುವ" ಎಂದೆ. ಮಾವ ನನ್ನ ಮುಖ ನೋಡಿದರು. "ನಿನ್ನ ಅಮ್ಮನನ್ನು ಕೂರಿಸಿಕೊಂಡಾ?" ಅಮ್ಮ ಅಕ್ಕಿ ಸಮೇತ ರಿಕ್ಷಾದಲ್ಲಿ ಮನೆ ಸೇರಿದರು, ಕಾರು ಟೋಯಿಂಗ್ ಗಾಡಿಯಲ್ಲಿ ಗ್ಯಾರೇಜ್ ಸೇರಿತು.

ಆಮೇಲೆ ಮ್ಯಾನುಯಲ್ ತೆಗೆದೆ. ನನ್ನ ಹೋಂಡಾ ಸಿಟಿಗೆ 108 ನ್ಯೂಟನ್ ಮೀಟರ್, ಅಂದರೆ 11 ಕೆಜಿ ಮೀಟರ್. 30 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 37 ಕಿಲೋ ಭಾರ ಬಿದ್ದರೆ ಸಾಕು. ನನ್ನ ತೂಕ 78 ಕಿಲೋ. ನಾನು ಪೂರ್ತಿ ಹತ್ತಿ ನಿಂತರೂ ಜಗ್ಗಲಿಲ್ಲ ಎಂದರೆ, ಸ್ವಲ್ಪ ಪಾಲು ತುಕ್ಕಿನದು ಎಂದುಕೊಂಡರೂ, ಲೆಕ್ಕ ಎಲ್ಲಿಗೋ ಹೋಗಿತ್ತು. ನಿಮ್ಮ ಕಾರಿನ ಅಂಕಿ ಬೇರೆ ಇರಬಹುದು, ನಿಮ್ಮದೇ ಪುಸ್ತಕ ನೋಡಿ.

ನಟ್ ಬಿಗಿಯುವಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಎಳೆಯುತ್ತದೆ, ಆ ಎಳೆತವೇ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುವುದು. ಕಡಿಮೆಯಾದರೆ ಚಕ್ರ ಅಲುಗಾಡುತ್ತ ನಟ್ ಸಡಿಲವಾಗುತ್ತದೆ. ಮಿತಿ ಮೀರಿದರೆ ಸ್ಟಡ್ ಹಿಗ್ಗಿದಲ್ಲೇ ಉಳಿಯುತ್ತದೆ, ಮತ್ತೆ ಅದರ ಹಿಡಿತವನ್ನು ನಂಬುವ ಹಾಗಿಲ್ಲ. ಇನ್ನೊಂದು ವಿಷಯ: ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಈ ಎಳೆತಕ್ಕೆ ಹೋಗುತ್ತದೆ, ಉಳಿದದ್ದನ್ನು ಘರ್ಷಣೆ ತಿನ್ನುತ್ತದೆ. ಥ್ರೆಡ್‌ಗೆ ಎಣ್ಣೆ ಹಚ್ಚಿದರೆ ಘರ್ಷಣೆ ಇಳಿದು, ಅದೇ 108ಕ್ಕೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. ಒಂದು ಹನಿ ಎಣ್ಣೆ ಬೇಕೇ ಬೇಕು ಎನ್ನುವ ಮಾವನಿಗೆ ಇದನ್ನು ಒಪ್ಪಿಸಲು ನನ್ನಿಂದ ಈವರೆಗೆ ಆಗಿಲ್ಲ.

ಈಗ ಒಂದು ಟಾರ್ಕ್ ರೆಂಚ್ ಡಿಕ್ಕಿಯಲ್ಲಿದೆ. ಅಂಕಿ ಹೊಂದಿಸಿ ಎಳೆದರೆ ಅಷ್ಟಕ್ಕೆ ಬಂದಾಗ ಕ್ಲಿಕ್ ಎನ್ನುತ್ತದೆ. ಮೊದಲ ದಿನ ಉಳಿದ ಮೂರು ಚಕ್ರಗಳ ಎಲ್ಲ ನಟ್‌ಗಳೂ ಕ್ಲಿಕ್ ಎಂದವು, ನಾನು ಹಿಗ್ಗಿದೆ. ಗ್ಯಾರೇಜಿನವರು ನಕ್ಕರು. 108ಕ್ಕೆ ಇಟ್ಟ ರೆಂಚ್ 108 ಇದ್ದರೂ ಕ್ಲಿಕ್, 250 ಇದ್ದರೂ ಕ್ಲಿಕ್. ಕಡಿಮೆ ಇದ್ದರೆ ಮಾತ್ರ ಅದು ಹಿಡಿದುಕೊಡುತ್ತದೆ. ಹೆಚ್ಚಾಗಿರುವ ಅನುಮಾನ ಇದ್ದರೆ ಒಂದೊಂದೇ ನಟ್ ಸಡಿಲಿಸಿ, ಮತ್ತೆ ಬಿಗಿಯಬೇಕು. ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಎದುರುಬದುರು, ಎರಡು ಸುತ್ತಿನಲ್ಲಿ. ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರಬಹುದು. ರೆಂಚನ್ನು ನಟ್ ಬಿಚ್ಚಲು ಮಾತ್ರ ಬಳಸಬೇಡಿ, ಅದರ ಲೆಕ್ಕ ಕೆಡುತ್ತದೆ.

ಚಕ್ರ ಕಳಚಿ ಹಾಕಿದ ಮೇಲೆ 80–100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಬೇಕು. ಊರಿಗೆ ಪುಣೆ ಮೇಲೆ ಹೋಗುವವರಾದರೆ ಎಕ್ಸ್‌ಪ್ರೆಸ್‌ವೇಯ ಬದಿಯಲ್ಲಿ ನಿಲ್ಲಿಸುವುದು ಬೇಡ, ಘಾಟಿ ಹತ್ತಿದ ಮೇಲೆ ಲೋಣಾವಳದಲ್ಲಿ ಚಹಾಕ್ಕೆ ಇಳಿದಾಗ ನೋಡಿ. ಅಷ್ಟು ಹೊತ್ತಿಗೆ ಚಕ್ರ ತಣ್ಣಗಾಗಿರುತ್ತದೆ, ಚಹಾ ಬಿಸಿ ಇರುತ್ತದೆ.

ಮೊನ್ನೆ ಮತ್ತೆ ಟೈರ್ ಅಂಗಡಿಗೆ ಹೋಗಿದ್ದೆ. ಬೇರೆ ಅಂಗಡಿ. ಗನ್ ಬೇಡ, ಕೈಯಲ್ಲಿ ಕೂರಿಸು, ಉಳಿದದ್ದು ನಾನು ಮಾಡುತ್ತೇನೆ ಎಂದೆ. "ಭರೋಸಾ ನಹೀಂ ಹೈ ಕ್ಯಾ, ಸಾಬ್?" ಎಂದು ಹುಡುಗ ಮುಖ ಸಣ್ಣದು ಮಾಡಿದ. ರೆಂಚ್ ಅವನ ಕೈಗೇ ಕೊಟ್ಟೆ. ಎಳೆದ, ಕ್ಲಿಕ್ ಎಂದಿತು. "ಬಸ್, ಇತ್ನಾ ಹೀ?" ಎಂದು ನನ್ನನ್ನೇ ಅನುಮಾನದಿಂದ ನೋಡಿದ. ನಾನು ಹೌದು ಎನ್ನುವ ಮೊದಲೇ ಅಭ್ಯಾಸಬಲದಿಂದ ಇನ್ನೊಂದು ಎಳೆತ ಎಳೆದೂಬಿಟ್ಟ. ಅದನ್ನು ಬಿಚ್ಚಿಸಿ ಮತ್ತೆ ಮೊದಲಿನಿಂದ ಹಾಕಿಸಿದೆ.