ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ

"ಮಹಿಳೆ ಬಂಧನ" ಅಂತ ನಾನೂ ಎಷ್ಟೋ ಸಲ ಸುದ್ದಿ ಕಳಿಸಿದ್ದೇನೆ. ಅರ್ಧ ತಾಸಿನೊಳಗೆ ಅದು ನಿಡಗುಂದಿಯ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡುತ್ತದೆ. ಆಮೇಲೆ ಆಕೆಗೆ ಜಾಮೀನು ಆಯಿತೇ, ಮಕ್ಕಳು ಯಾರ ಮನೆಯಲ್ಲಿವೆ ಅಂತ ಒಂದು ಸಾಲೂ ಬರೆದವನಲ್ಲ. ತಪ್ಪು ನನ್ನದು. ನನ್ನೊಬ್ಬನದೇ ಅಲ್ಲ.

ವಿಚಾರಣಾಧೀನ ಅಂದರೆ ಅಪರಾಧಿ ಅಲ್ಲ. ತೀರ್ಪು ಇನ್ನೂ ಆಗಿಲ್ಲ ಎಂದಷ್ಟೇ ಅರ್ಥ. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇಂಥವರೇ.

ಗಂಡಸು ಒಳಗೆ ಹೋದರೆ ಹೆಂಡತಿ ಬಂಗಾರ ಅಡವಿಟ್ಟು ವಕೀಲರನ್ನು ಹಿಡಿಯುತ್ತಾಳೆ, ಭೇಟಿಗೆ ವಿಜಯಪುರದ ದರ್ಗಾ ಜೈಲಿಗೆ ಬಸ್ ಹತ್ತುತ್ತಾಳೆ. ಹೆಂಗಸು ಒಳಗೆ ಹೋದರೆ? ಗಂಡನ ಮನೆಯವರು "ಮರ್ಯಾದಿ ಕಳದ್ಲು" ಅಂತಾರೆ. ತವರಿನವರು "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಅಂತ ಬಾಗಿಲು ಹಾಕಿಕೊಳ್ಳುತ್ತಾರೆ.

ಕಾನೂನಿಗೆ ಇಷ್ಟು ಕಲ್ಲೆದೆ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಪ್ರಕಾರ, ಜೀವಾವಧಿ ಶಿಕ್ಷೆಯ ಆರೋಪವಿದ್ದರೂ ಮಹಿಳೆ ಎಂಬ ಕಾರಣಕ್ಕೆ ಕೋರ್ಟು ಜಾಮೀನು ಕೊಡಬಹುದು. 1987ರ ಕಾನೂನು ಸೇವಾ ಕಾಯ್ದೆಯಡಿ ಮಹಿಳೆಗೆ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ತಾಯಿಯ ಜೊತೆ ಜೈಲಿನಲ್ಲಿರುವ ಆರು ವರ್ಷದೊಳಗಿನ ಮಗುವನ್ನು ಕೈದಿಯಂತೆ ಕಾಣಬಾರದು, ಅದಕ್ಕೆ ಊಟ, ಔಷಧ, ಆಟ, ಪಾಠ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಹಾಗಾದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಉತಾರೆಯಲ್ಲಿ. ಜಾಮೀನುದಾರ ಬೇಕು, ಅವನ ಹೆಸರಲ್ಲಿ ಹೊಲ ಇರಬೇಕು. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರಲ್ಲಿ ಹೊಲ ಇದೆ? ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಮನೆಗಳಲ್ಲಿ ಗಂಡಸರ ಹೆಸರಲ್ಲೂ ಉಳಿದಿಲ್ಲ. ಜಾಮೀನು ಆದೇಶ ಕೈಯಲ್ಲಿದ್ದೂ ಬಡವಳು ಒಳಗೇ ಉಳಿಯುತ್ತಾಳೆ.

ಮೋತಿ ರಾಮ್ ಎಂಬ ಗೌಂಡಿಗೆ 10,000 ರೂಪಾಯಿ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯದು ಅಂತ ತಿರಸ್ಕರಿಸಿದ್ದನ್ನು ಸುಪ್ರೀಂ ಕೋರ್ಟ್ 1978ರಲ್ಲೇ ತಪ್ಪೆಂದಿತು. ಜಾಮೀನಾಗಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು ಎಂದು 2023ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆ ತಂದಿತು. ಕೆಲವು ಗಂಭೀರ ಪ್ರಕರಣ ಬಿಟ್ಟು, ಜಾಮೀನಿಗೆ ಒಂದು ಮಿತಿಯವರೆಗೆ ಹಣವನ್ನು ಜಿಲ್ಲಾ ಸಮಿತಿಯೇ ಕೊಡಬಹುದು. ಇದನ್ನು ಆಕೆಯ ಮನೆಗೆ ಹೋಗಿ ಹೇಳಿದವರು ಯಾರು? ಗೋಡೆಗೆ ಪೋಸ್ಟರ್ ಅಂಟಿಸಿದರೆ ಓದಲು ಬಾರದ ತಾಯಿಗೆ ತಿಳಿಯುತ್ತದೆಯೇ?

"ತಪ್ಪು ಮಾಡಿದಾಕಿಗೆ ಯಾಕ್ರೀ ಇಷ್ಟು ಕನಿಕರ?" ಅಂತ ಕೇಳುತ್ತೀರಿ. ತಪ್ಪು ಮಾಡಿದ್ದಾಳೋ ಇಲ್ಲವೋ ಕೋರ್ಟು ಹೇಳಲಿ, ಕಟ್ಟೆಯ ಮೇಲೆ ಕೂತ ನಾವಲ್ಲ. ಜಾಮೀನು ನಿಂತರೆ ಹೊಲ ಹೋಗುತ್ತದೆ ಎಂಬ ಹೆದರಿಕೆಯೂ ಬೇಡ. ಆಕೆ ತಾರೀಖಿಗೆ ಬರದೆ ಹೋದರೆ ಮಾತ್ರ, ಅದೂ ಬಾಂಡಿನಲ್ಲಿ ಬರೆದಷ್ಟೇ ಹೊಣೆ.

ಮುಂದಿನ ಸಲ ಇಂಥ ಸುದ್ದಿ ಫಾರ್ವರ್ಡ್ ಮಾಡುವಾಗ ಕೆಳಗೆ 15100 ಅಂತ ಹಾಕಿರಿ. ಅದು ಉಚಿತ ಕಾನೂನು ನೆರವಿನ ನಂಬರ್. ನಾನು ಬಂಧನದ ಸುದ್ದಿ ಬರೆದರೆ, ತಿಂಗಳಾದ ಮೇಲೆ ಜಾಮೀನಿನ ಸುದ್ದಿಯನ್ನೂ ಬರೆಯುತ್ತೇನೆ. ಬರೆಯದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿರಿ.