ಮನೆಯ ಮಾತು: ಕಬ್ಬಿಣದ ಬಾಗಿಲಿಗೆ ತೇಗದ ಮೈ

ಮುಂಬಯಿಯ ಸುತ್ತಮುತ್ತ ಸಂಸಾರ ಹೂಡಿದ ನಮ್ಮವರಿಗೆ ಈ ನೋಟ ಹೊಸದಲ್ಲ: ಮನೆಯ ಬಾಗಿಲಿನ ಹೊರಗೆ ಇನ್ನೊಂದು ಕಬ್ಬಿಣದ ಬಾಗಿಲು. ಡೊಂಬಿವಲಿಯ ನಮ್ಮ ಮನೆಗೂ ಅಂಥದೊಂದಿದೆ. ತೆರೆದ ಓಣಿಯ ಕಡೆಗೆ ಮುಖವಾದ್ದರಿಂದ ಮಳೆ ಬಿಸಿಲೆರಡೂ ಅದಕ್ಕೆ ತಪ್ಪಿದ್ದಲ್ಲ. ಶಿರಸಿಯ ಕಡೆಯ ಹಳೆಯ ಮನೆಯನ್ನು ಮಾರಿ ನಮ್ಮೊಡನೆ ಇರಲು ಬಂದ ದಿನ ಅತ್ತೆಯವರು ಅದನ್ನು ಮುಟ್ಟಿ ನೋಡಿ, "ಸೆರೆಮನೆಯ ಬಾಗಿಲಿದ್ದ ಹಾಗಿದೆಯಲ್ಲ!" ಎಂದರು. ನಗುತ್ತಲೇ ಅಂದರು. ಆದರೆ ಊರಿನ ತೇಗದ ಬಾಗಿಲಿಗೆ ಶುಕ್ರವಾರ ತಪ್ಪದೆ ಅರಿಸಿನ ಕುಂಕುಮ ಹಚ್ಚುತ್ತಿದ್ದವರು ಇದಕ್ಕೆ ಹಚ್ಚಲಿಲ್ಲ.

ಬಾಗಿಲನ್ನೇ ಬದಲಿಸುವಷ್ಟು ಹಣ ನಮ್ಮಲ್ಲಿರಲಿಲ್ಲ, ಬಣ್ಣ ಬದಲಿಸುವಷ್ಟಿತ್ತು. ಬಣ್ಣದಿಂದ ಮರದ ಗೆರೆ ಬರೆಯುವುದು ಹಳೆಯ ಕಸಬು. ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಥಾಮಸ್ ಕರ್ಷಾ ಎಂಬ ಬಣ್ಣಗಾರ ಇಂಥ ಕೆಲಸಕ್ಕೇ ಪದಕ ಪಡೆದಿದ್ದ. ನಾವೂ ಧೈರ್ಯ ಮಾಡಿದೆವು. ಚೌತಿ ಹತ್ತಿರ ಬಂದಿತ್ತು. ಧೂಳು ಒರೆಸಿ, ಹಳೆಯ ಬಣ್ಣದ ಮೇಲೆಯೇ ಹೊಸದನ್ನು ಬಳಿದು, ಗೆರೆ ಎಳೆದೆವು. ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ನವರಾತ್ರಿಯ ಹೊತ್ತಿಗೆ ಬಣ್ಣ ಗುಳ್ಳೆಯೆದ್ದು ಈರುಳ್ಳಿ ಸಿಪ್ಪೆಯಂತೆ ಸುಲಿದು, ಒಳಗಿನಿಂದ ತುಕ್ಕು ಇಣುಕಿತು. ನಾವು ಗೆರೆಯಲ್ಲಿ ಸೋಲಲಿಲ್ಲ. ಗೆರೆಯ ಕೆಳಗೆ ಸೋತೆವು. ವಾಚಕರಿಗೆ ಹೇಳಬೇಕಾದ ಮುಖ್ಯ ಮಾತು ಇದೇ. ಮೇಲೆ ಎಷ್ಟೇ ಮರವಾಗಿ ಕಾಣಲಿ, ಒಳಗಿರುವುದು ಕಬ್ಬಿಣ. ಅದನ್ನು ಮೊದಲು ಕಬ್ಬಿಣವೆಂದೇ ಉಪಚರಿಸಬೇಕು.

ಎರಡನೆಯ ಸಲ ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕೈಹಾಕಿದೆವು. ಮಳೆಗಾಲದಲ್ಲಿ ಈ ಕೆಲಸ ಬೇಡ. ಬಿಸಿಲಿಗೆ ಕಾದ ಲೋಹದ ಮೇಲೂ ಬೇಡ.

ಮೊದಲು ಸಡಿಲಾದ ಬಣ್ಣವನ್ನೂ ತುಕ್ಕನ್ನೂ ತೆಗೆಯಬೇಕು. ಇಲ್ಲೊಂದು ಎಚ್ಚರಿಕೆ. ಮನೆಗಳಿಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರಲ್ಲಿ. ಅದಕ್ಕೂ ಹಿಂದಿನ ಬಣ್ಣವಿದ್ದರೆ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿರಿ. ಮೂಗಿಗೆ ತಕ್ಕ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರವಿಟ್ಟು, ನೀರು ಹಾಕಿ ಉಜ್ಜುವ ಕಾಗದದಿಂದ ತಿಕ್ಕಿ, ಉದುರಿದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಬಳಿಕ ಚೆನ್ನಾಗಿ ಒಣಗಿಸಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಅದೇ ದಿನ ಪ್ರೈಮರ್ ಹಚ್ಚಿರಿ. ಬೆತ್ತಲೆ ಕಬ್ಬಿಣವನ್ನು ರಾತ್ರಿಯ ತೇವಕ್ಕೆ ಬಿಟ್ಟರೆ ತುಕ್ಕು ಮತ್ತೆ ಹಿಡಿಯುತ್ತದೆ.

ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಅಥವಾ ಝಿಂಕ್ ಫಾಸ್ಫೇಟ್ ಪ್ರೈಮರ್ ಆದೀತು. ಸತುವಿನ ಲೇಪವಿರುವ ಜಿ.ಐ. ತಗಡಿಗೆ ಬೇರೆ ದಾರಿ. ಎಣ್ಣೆಬಣ್ಣದ ಆಮ್ಲವೂ ಸತುವೂ ಕೂಡಿ ನಡುವೆ ಸಾಬೂನಿನಂಥ ಪೊರೆ ಕಟ್ಟುತ್ತದೆ, ಬಣ್ಣ ನಿಲ್ಲುವುದಿಲ್ಲ. ಅದಕ್ಕೆ ಎಚ್ ಪ್ರೈಮರ್ ಎಂದೇ ಕೇಳಿ ತರಬೇಕು.

ಪ್ರೈಮರ್ ಒಣಗಿದ ಮೇಲೆ ತಳಬಣ್ಣ. ಮರದಲ್ಲಿ ಕಾಣುವ ಅತ್ಯಂತ ತಿಳಿಯಾದ ಬಣ್ಣವೇ ಇದಾಗಬೇಕು. ತೇಗಕ್ಕೆ ಹಳದಿ ಬೆರೆತ ತಿಳಿಗಂದು. ಎನಾಮಲಿನ ಎರಡು ತೆಳು ಪದರ ಹಚ್ಚಿ, ಒಂದೊಂದಕ್ಕೂ ಒಂದು ದಿನ ಬಿಡಿರಿ. ಅನಂತರ ಸ್ವಚ್ಛ ವಾರ್ನಿಷಿಗೆ ಗಾಢ ಕಂದು ಎನಾಮಲನ್ನು ಸ್ವಲ್ಪ ಕಲೆಸಿ ತೆಳುವಾಗಿ ಸವರಿ, ಹಸಿಯಿರುವಾಗಲೇ ಒಣ ಕುಂಚವನ್ನು ಒಂದೇ ದಿಕ್ಕಿಗೆ ತಡೆಯದೆ ಎಳೆಯಿರಿ. ಗೆರೆ ಕೊರೆದ ರಬ್ಬರಿನ ಉಪಕರಣವನ್ನು ಎಳೆಯುತ್ತ ಮೆಲ್ಲಗೆ ತೂಗಿದರೆ ಮರದ ತಿರುಳಿನ ಸುಳಿ ಮೂಡುತ್ತದೆ. ಸುಳಿ ಎರಡು ಮೂರು ಸಾಕು. ಮರದ ಮೈತುಂಬ ಕಣ್ಣಿರುವುದಿಲ್ಲ. ಬಡಗಿ ಹಲಗೆ ಕೂಡಿಸುವ ರೀತಿಯನ್ನು ನೆನೆಯಿರಿ: ನಿಂತ ಪಟ್ಟಿಗೆ ನಿಂತ ಗೆರೆ, ಅಡ್ಡಪಟ್ಟಿಗೆ ಅಡ್ಡಗೆರೆ. ಕೆಟ್ಟರೆ ಟರ್ಪೆಂಟೈನಿನಿಂದ ಒರೆಸಿ ಮತ್ತೆ ಬರೆಯಬಹುದು. ನಾವು ನಾಲ್ಕು ಸಲ ಒರೆಸಿದೆವು.

ಪೂರ್ತಿ ಒಣಗಿದ ಬಳಿಕ ಬಿಸಿಲಿನ ಅತಿನೇರಳೆ ಕಿರಣ ತಡೆಯುವ, ಹೊರಗಿನ ಉಪಯೋಗದ ಸ್ವಚ್ಛ ವಾರ್ನಿಷನ್ನು ಎರಡು ಸಲ ಹಚ್ಚಿರಿ. ಒಂದು ಮೂಲೆಯಲ್ಲಿ ಮೊದಲು ಹಚ್ಚಿ ನೋಡುವುದು ಲೇಸು. ಕೆಲವು ವಾರ್ನಿಷುಗಳು ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸುತ್ತವೆ. ಪ್ರತಿ ಮಳೆಗಾಲದ ಅನಂತರ ಕೆಳ ಅಂಚನ್ನೂ ತಿರುಗಣಿಯ ಸುತ್ತನ್ನೂ ನೋಡಿಕೊಳ್ಳಿರಿ. ಮೇಲಿನ ಹೊಳಪು ಮಂಕಾದೊಡನೆ ಒಂದು ಪದರ ವಾರ್ನಿಷ್ ಕೊಟ್ಟರೆ ಕೆಳಗಿನ ಗೆರೆ ಉಳಿಯುತ್ತದೆ.

ಕೆಲಸ ಮುಗಿದು ಬಣ್ಣ ಗಟ್ಟಿಯಾದ ಮೇಲೆ ಅತ್ತೆಯವರನ್ನು ಕರೆದೆವು. ಅವರು ಅಂಗೈಯನ್ನು ಬಾಗಿಲ ಮೇಲಿಟ್ಟು, "ತಣ್ಣಗಿದೆ. ಮರ ಇಷ್ಟು ತಣ್ಣಗಿರುವುದಿಲ್ಲ" ಎಂದರು. ನಮ್ಮ ಮುಖ ಸಣ್ಣಗಾಯಿತು. ಆಮೇಲೆ ಬೆರಳಿನಿಂದ ಒಂದು ಗೆರೆಯನ್ನು ಸುಳಿಯವರೆಗೂ ಸವರಿ, "ಇದನ್ನು ಬರೆದವರಾರು?" ಎಂದು ಕೇಳಿ ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ನಾವು ಹಾಲು ತರಲು ಬಾಗಿಲು ತೆರೆದಾಗ ಅರಿಸಿನ ಇನ್ನೂ ಹಸಿಯಾಗಿತ್ತು.