ಚದರಕ್ಕೆಷ್ಟು ಅಂತ ಕೇಳೋದನ್ನ ಮೊದಲು ಬಿಡಿ

ಎಷ್ಟೋ ತಿಂಗಳಿಂದ ಇತ್ತ ತಲೆ ಹಾಕಿರಲಿಲ್ಲ. ಇವತ್ತೂ ಬರೆಯುವ ಮನಸ್ಸಿರಲಿಲ್ಲ. ಆದರೆ ಮೊನ್ನೆ ಭಾನುವಾರ ಬೆಳಿಗ್ಗೆ ಬಂದ ಒಂದು ಫೋನು ತಲೆ ಕೆಡಿಸಿಬಿಟ್ಟಿದೆ, ಹೇಳಿಕೊಳ್ಳದೆ ಇರೋಕಾಗ್ತಿಲ್ಲ.

ಫೋನು ಮಾಡಿದ್ದು ಬೆಂಗಳೂರಿನ ಗೆಳೆಯ. ತೀರ್ಥಹಳ್ಳಿ ಕಡೆ ಗುಡ್ಡದ ಓರೆಯಲ್ಲಿ ಹತ್ತು ಗುಂಟೆ ಜಾಗ ತಗೊಂಡಿದ್ದಾನಂತೆ. ವ್ಯೂ ಸೂಪರ್ ಅಂತೆ. "ಊರಲ್ಲಿ ನಿಮ್ಮನೆ ಕಟ್ಟಿದ ಮೇಸ್ತ್ರಿ ನಂಬರ್ ಕೊಡೋ. ಈಗ ಚದರಕ್ಕೆ ಎಷ್ಟು ನಡೀತಿದೆ ಆ ಕಡೆ?" ಅಂದ.

"ಮಣ್ಣು ಎಂಥದ್ದು?" ಕೇಳಿದೆ.

"ಮಣ್ಣಾ? ಕೆಂಪು ಮಣ್ಣು ಮಾರಾಯ, ಮಲೆನಾಡಲ್ವಾ!"

"ಮಳೆಗಾಲದಲ್ಲಿ ಹೋಗಿ ನೋಡಿದ್ದೀಯಾ?"

"ಇಲ್ಲ, ಫೆಬ್ರವರಿಯಲ್ಲಿ ರಿಜಿಸ್ಟ್ರೇಶನ್ ಆಯ್ತು. ಜೆಸಿಬಿ ಬಿಟ್ಟು ಲೆವೆಲ್ ಮಾಡಿಸಿದ್ರೆ ಕ್ರಿಕೆಟ್ ಆಡಬಹುದು ಕಣೋ!"

ಅವನನ್ನು ಬೈದು ಪ್ರಯೋಜನ ಇಲ್ಲ. 2017ರಲ್ಲಿ ನಾನೂ ಇದೇ ಭಾಷೆಯಲ್ಲೇ ಮಾತಾಡುತ್ತಿದ್ದೆ. ಆದರೆ ಈಗ ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕು ಅನ್ನಿಸುತ್ತಿದೆ. ಇಳಿಜಾರಿನಲ್ಲಿ, ಜಿಗುಟು ಮಣ್ಣಿನಲ್ಲಿ ಮನೆ ಕಟ್ಟಲು ಚದರದ ಲೆಕ್ಕಕ್ಕೆ ಗುತ್ತಿಗೆ ಕೊಡುವುದೆಂದರೆ ಕೆಟ್ಟ ಕೆಲಸಕ್ಕೆ ನಾವೇ ಕೈಯಾರೆ ಬಹುಮಾನ ಕೊಟ್ಟ ಹಾಗೆ. ಆಮೇಲೆ ಗೋಡೆ ಬಿರುಕು ಬಿಟ್ಟಾಗ ಮೇಸ್ತ್ರಿ ಮೋಸ ಮಾಡಿದ ಅಂತ ಊರೆಲ್ಲ ಸಾರಿಕೊಂಡು ತಿರುಗುತ್ತೇವೆ.

ಸ್ವಲ್ಪ ಯೋಚನೆ ಮಾಡಿ. ಒಂದು ಚದರ ಅಂದರೆ ನೂರು ಚದರಡಿ, ಅದನ್ನು ಅಳೆಯುವುದು ನೆಲದ ಮೇಲೆ. ನೆಲದ ಕೆಳಗಿನ ಪಾಯ ಎಷ್ಟು ಆಳ, ಮನೆ ಹಿಂದಿನ ಗೋಡೆ ಎಷ್ಟು ದಪ್ಪ, ನೀರು ಹೋಗಲು ದಾರಿ ಎಲ್ಲಿ, ಇದ್ಯಾವುದೂ ಆ ಟೇಪಿಗೆ ಸಿಕ್ಕುವುದಿಲ್ಲ. ಮಟ್ಟಸ ಜಾಗದಲ್ಲಿ ಮೂರಡಿ ತೋಡಿದರೆ ಗಟ್ಟಿ ನೆಲ ಸಿಗುವ ಊರಿದೆಯಲ್ಲ, ಅಲ್ಲಿ ಈ ಲೆಕ್ಕ ಹೇಗೋ ನಡೆಯುತ್ತದೆ. ಗುಡ್ಡದಲ್ಲಿ ಅರ್ಧ ಕಲ್ಲುಕೆಲಸ ಇರುವುದೇ ನೆಲದ ಕೆಳಗೆ ಮತ್ತು ಮನೆಯ ಹಿಂದೆ. ಅಲ್ಲಿ ಒಂದಡಿ ಹೆಚ್ಚು ತೋಡಿದರೆ ಅದು ಮೇಸ್ತ್ರಿಯ ಜೇಬಿನಿಂದ ಹೋಗುತ್ತದೆ. ಕಡಿಮೆ ತೋಡಿದರೆ ಅಷ್ಟು ಉಳಿಯಿತು. ಯಾರು ತಾನೇ ತೋಡುತ್ತಾರೆ ಹೇಳಿ?

ನನ್ನ ಕಥೆ ಹೇಳಿಬಿಡುತ್ತೇನೆ, ಮಾನ ಹೋದರೆ ಹೋಗಲಿ. ನಮ್ಮದು ಹೊಸನಗರದ ಕಡೆ. ಹಳೇ ಮನೆಯ ಪಕ್ಕ, ಗುಡ್ಡದ ಬುಡದಲ್ಲಿ ಹೊಸ ಮನೆ ಅಂತ ತೀರ್ಮಾನವಾಗಿ ಇಬ್ಬರು ಮೇಸ್ತ್ರಿಗಳನ್ನು ಕರೆಸಿದ್ದೆ. ಮೊದಲನೆಯವರು ವಯಸ್ಸಾದವರು. ರೇಟು ಕೇಳಿದರೆ ಉತ್ತರ ಕೊಡದೆ ಗುಡ್ಡ ಹತ್ತಿಕೊಂಡು ಹೋದರು. ಅರ್ಧ ಗಂಟೆ ಬಿಟ್ಟು ಇಳಿದು ಬಂದು ಅಮ್ಮನ ಹತ್ತಿರ, "ಅಮ್ಮಾ, ಮಳೆಗಾಲದಾಗೆ ಇಲ್ಲಿ ಜಲ ಏಳ್ತದೆ ಅಲ್ಲೇನ್ರಿ?" ಅಂತ ಕೇಳಿದರು. ಅಮ್ಮ ಹೌದು ಅಂದಳು. "ಹಂಗಾರೆ ದರೆನ ಇಷ್ಟು ಕಡಿಯೋದು ಬ್ಯಾಡ. ಮನೆನ ಎರಡು ಮಟ್ಟ ಮಾಡಿ ಕಟ್ಟಾಣ. ಮೊದ್ಲು ಮೇಲ್ಗಡೆ ಅಗಳು ತೆಗ್ಸಿ, ನೀರು ಆಚಿಗೆ ಹೋಗ್ಲಿ. ಹಿಂದಿನ ಗ್ವಾಡೆ ಆಗ್ದೆ ನಾನು ಮನೆ ಪಾಯಕ್ಕೆ ಕೈ ಹಾಕಲ್ಲ" ಅಂದರು. ಚದರದ ರೇಟೂ ಹೇಳಲಿಲ್ಲ. ತೋಡಿದ ಮೇಲೆ ಲೆಕ್ಕ ಹೇಳುತ್ತೇನೆ ಅಂದರು. ನನಗೆ ಅದು ಕೇಳಿಸಿದ್ದು, ಈ ಮುದುಕ ದುಡ್ಡು ಎಳೆಯುವ ಪ್ಲಾನಲ್ಲಿದ್ದಾನೆ ಅಂತ.

ಎರಡನೆಯವರು ಬೈಕಿನಲ್ಲಿ ಬಂದರು, ಮೊಬೈಲಿನಲ್ಲಿ ನಾಲ್ಕು ಮನೆ ಫೋಟೋ ತೋರಿಸಿದರು. ಎಲ್ಲವೂ ಗೃಹಪ್ರವೇಶದ ದಿನದ ಫೋಟೋಗಳು! ಐದು ನಿಮಿಷದಲ್ಲಿ ಚದರದ ರೇಟು ಹೇಳಿದರು. "ಹಿಂದಿನ ಗೋಡೆ ಎಕ್ಸ್‌ಟ್ರಾ ಸಾರ್, ಕೊನೆಗೆ ನೋಡ್ಕಳಣ" ಅಂದರು. ನಾನು ಯಾರಿಗೆ ಅಡ್ವಾನ್ಸ್ ಕೊಟ್ಟೆ ಅಂತ ಬೇರೆ ಹೇಳಬೇಕಾ?

ಜೆಸಿಬಿ ಒಂದೂವರೆ ದಿನದಲ್ಲಿ ಹನ್ನೆರಡಡಿ ದರೆ ಕಡಿದು ನಿಲ್ಲಿಸಿತು. ನಮ್ಮ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆಯ ಹೊದಿಕೆ, ಕೆಳಗೆ ಶೇಡಿ ಮಣ್ಣು. ಹಬ್ಬಕ್ಕೆ ಗೋಡೆ ಮೇಲೆ ಚಿತ್ತಾರ ಬರೆಯುತ್ತಾರಲ್ಲ, ಅದೇ ಶೇಡಿ. ಒಣಗಿದಾಗ ಸಾಧು ಹಾಗೆ ನಿಂತಿರುತ್ತದೆ, ನೀರು ಕುಡಿದರೆ ಬೆಣ್ಣೆ. ಏಪ್ರಿಲ್ಲಿನಲ್ಲಿ ಕಡಿದಾಗ ಗೀಸಿದ ಹಾಗೆ ನೇರ ನಿಂತಿತ್ತು, ನಾವೆಲ್ಲ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು.

ತಡೆಗೋಡೆಗೆ ಕೈ ಹಾಕುವ ಹೊತ್ತಿಗೆ ದುಡ್ಡೆಲ್ಲ ಟೈಲ್ಸಿಗೆ, ಮೋಲ್ಡಿಂಗಿಗೆ ಹೋಗಿತ್ತು. ಉಳಿದದ್ದರಲ್ಲಿ ಹತ್ತಡಿ ಎತ್ತರದ ಗೋಡೆ ಎದ್ದಿತು. ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಒಂದೂವರೆ ಅಡಿ. ಮೂರು ಕಡೆ ಪಿವಿಸಿ ಪೈಪಿನ ತುಂಡು ಇಣುಕುತ್ತಿತ್ತು. ನೀರು ಹೋಗಲು ಬಿಟ್ಟಿದ್ದಾರೆ, ಪರವಾಗಿಲ್ಲ ತಿಳಿದವರು ಅಂದುಕೊಂಡೆ. 2019ರ ಆಗಸ್ಟ್ ಮಳೆ ನಿಮಗೆಲ್ಲ ನೆನಪಿರಬೇಕು. ಒಂದು ಸಂಜೆ ಅಮ್ಮ ಬಚ್ಚಲೊಲೆಗೆ ಕಟ್ಟಿಗೆ ತುಂಬಿ ಒಳಗೆ ಬಂದು ಕಾಲು ಒರೆಸುತ್ತಿದ್ದಳಂತೆ. ಹಿಂದೆ ಲಾರಿ ಮಗುಚಿದ ಸದ್ದು. ಬಚ್ಚಲುಮನೆ ಇರಲಿಲ್ಲ. ಗೋಡೆ ಮತ್ತು ಅದರ ಹಿಂದಿನ ಮಣ್ಣು ಸೌದೆ ರಾಶಿಯ ಮೇಲೆ ಮಲಗಿತ್ತು. ಎರಡು ನಿಮಿಷದ ವ್ಯತ್ಯಾಸ ಅಷ್ಟೇ. ಮಾರನೇ ದಿನ ಊರಿಗೆ ಹೋಗಿ ನೋಡಿದರೆ ಆ ಪೈಪುಗಳು ಗೋಡೆಯ ಅರ್ಧದವರೆಗೂ ಹೋಗಿರಲಿಲ್ಲ. ಹಿಂದಿನ ಬಾಯಿಗೆ ಸಿಮೆಂಟು ಮೆತ್ತಿತ್ತು. ಶೋಕಿಗೆ ಇಟ್ಟಿದ್ದು!

ಆಮೇಲೆ ಒಬ್ಬ ಸಿವಿಲ್ ಇಂಜಿನಿಯರ್ ಹತ್ತಿರ ಕೂತು ಲೆಕ್ಕ ಹಾಕಿಸಿದೆ. ಹತ್ತಡಿ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಒಣ ಮಣ್ಣು ಸುಮಾರು ಎರಡೂವರೆ-ಮೂರು ಟನ್ ಬಲದಿಂದ ತಳ್ಳುತ್ತದೆ. ಹಿಂದೆ ನೀರು ತುಂಬಿ ನಿಂತರೆ ಅದೇ ಗೋಡೆಯ ಮೇಲೆ ಐದೂವರೆಯಿಂದ ಆರು ಟನ್. ಅಂದರೆ ಮಣ್ಣಿಗಿಂತ ನೀರೇ ದೊಡ್ಡ ಶತ್ರು. ಗೋಡೆಯ ಬೆನ್ನಿಗೆ ಜಲ್ಲಿ ತುಂಬಿ, ಆರೇಳು ಅಡಿಗೊಂದರಂತೆ ಆರುಪಾರು ಪೈಪು ಬಿಟ್ಟಿದ್ದರೆ ನೀರು ನಿಲ್ಲುತ್ತಿರಲಿಲ್ಲ. ಕಲ್ಲಿನ ಗೋಡೆಗೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದಂತೆ. ನನ್ನದಕ್ಕೆ ಐದಡಿ ಬೇಕಿತ್ತು.

ಗುಡ್ಡವೇ ಜಾರಿ ಬಂದರೆ ಮಾತ್ರ ಯಾವ ಮೇಸ್ತ್ರಿಯ ಗೋಡೆಯೂ ತಡೆಯಲಾರದು, ಅಂಥ ಕಡೆ ಕಟ್ಟಲೇಬಾರದು. 2018ರ ಆಗಸ್ಟಿನಲ್ಲಿ ಮಡಿಕೇರಿಯಲ್ಲಿ ಮನೆ ಜಾರಿ ಹೋದ ವಿಡಿಯೋ ನಾವೆಲ್ಲ ನೋಡಿ, ಅಯ್ಯೋ ಅಂದು, ಫಾರ್ವರ್ಡ್ ಮಾಡಿದ್ದೇವೆ. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಮಳೆಯ ಜೊತೆಗೆ ಮನೆ-ರಸ್ತೆಗಾಗಿ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿದರು. ಅದನ್ನು ಎಷ್ಟು ಜನ ಫಾರ್ವರ್ಡ್ ಮಾಡಿದೆವು? 2024ರ ಜುಲೈನಲ್ಲಿ ಶಿರೂರಿನಲ್ಲಿ ಕುಸಿದದ್ದೂ ಹೆದ್ದಾರಿಗಾಗಿ ಕಡಿದ ಗುಡ್ಡವೇ.

ಇದು ಮಲೆನಾಡಿನವರ ಗೋಳು, ನಮಗೇನು ಅಂತ ಬಯಲುಸೀಮೆಯವರು ಆರಾಮಾಗಿ ಕೂರಬೇಡಿ. ನಮ್ಮ ಅಕ್ಕ-ಭಾವ ಇರುವುದು ಧಾರವಾಡದ ಹೊರಗೆ, ಎರೆ ಹೊಲ ಸೈಟಾದ ಬಡಾವಣೆಯಲ್ಲಿ. ಗುಡ್ಡ ಇಲ್ಲ, ದರೆ ಇಲ್ಲ. ಆದರೂ ಅವರ ಮನೆಯ ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು. ಮಳೆಗಾಲದಲ್ಲಿ ದೇವರ ಕೋಣೆಯ ಬಾಗಿಲು ಹಾಕಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ತಾನಾಗಿ ಸರಿಯಾಗುತ್ತದೆ. ಭಾವ ಪ್ರತಿ ವರ್ಷ ಪುಟ್ಟಿ ತುಂಬಿಸಿ ಬಣ್ಣ ಹೊಡೆಸುತ್ತಾರೆ, ಪ್ರತಿ ವರ್ಷ ಬಿರುಕು ಅದೇ ಜಾಗದಲ್ಲಿ ಹಾಜರು. ಬುನಾದಿ ತೋಡುವ ದಿನ ಗೌಂಡಿ ಹೇಳಿದ್ದನಂತೆ, "ಸರ, ಭೂಮಿ ಕಲ್ಲಿನಂಗ ಐತ್ರಿ, ಇನ್ನೂ ಎಷ್ಟ್ ಅಗೀಬೇಕ್ರಿ?" ತಿಂಗಳು ಏಪ್ರಿಲ್! ಏಪ್ರಿಲ್ಲಿನಲ್ಲಿ ಎರೆಮಣ್ಣು ಕಲ್ಲಿನ ಹಾಗಿರದೆ ಇನ್ನು ಹೇಗಿರಬೇಕು? ಕೈ ಹೋಗುವಷ್ಟು ಬಾಯಿ ಬಿಟ್ಟಿರುತ್ತದೆ. ಜುಲೈನಲ್ಲಿ ನೀರು ಕುಡಿದು ಉಬ್ಬುತ್ತದೆ, ಒಂದಂತಸ್ತಿನ ಮನೆಯನ್ನು ಎತ್ತುವ ಶಕ್ತಿ ಅದಕ್ಕಿದೆ. ಭಾರದ ಕಟ್ಟಡಕ್ಕಿಂತ ಹಗುರ ಮನೆಗೇ ಕಾಟ ಹೆಚ್ಚು. ಮನೆಯ ನಡುವಿನ ಮಣ್ಣು ವರ್ಷವಿಡೀ ಹಸಿಯಾಗೇ ಇರುತ್ತದೆ, ಅಂಚಿನದು ಒಣಗಿ ಕುಗ್ಗಿ ಮತ್ತೆ ಉಬ್ಬುತ್ತದೆ. ಮೂಲೆಗಳು ಏಳುವುದು-ಇಳಿಯುವುದು ಅದಕ್ಕೇ.

ಇದಕ್ಕೆ ಉಪಾಯ ಇಲ್ಲವಾ? ಎಂದೋ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಅಂಡರ್ ರೀಮ್ಡ್ ಪೈಲ್ ಅಂತ ಮಾಡಿಕೊಟ್ಟು ಎಷ್ಟೋ ದಶಕ ಆಯಿತು. ಮಣ್ಣು ಉಬ್ಬಿ-ಕುಗ್ಗುವ ಪದರ ದಾಟಿ ಹತ್ತು-ಹನ್ನೆರಡು ಅಡಿ ಇಳಿಯುವ ಕಂಬ, ಬುಡದಲ್ಲಿ ಈರುಳ್ಳಿಯ ಹಾಗೆ ಉಬ್ಬು. ಮೇಲಿನ ಮಣ್ಣು ಎತ್ತಿದರೂ ಆ ಉಬ್ಬು ಬಿಡುವುದಿಲ್ಲ. ಕಂಬಗಳ ಮೇಲೆ ಕೂರುವ ತೊಲೆಗೂ ನೆಲಕ್ಕೂ ನಡುವೆ ಸಂದು ಬಿಡಬೇಕು, ಮಣ್ಣು ಉಬ್ಬಲು ಜಾಗ ಬೇಕಲ್ಲ. ಗೌಂಡಿಗೆ ಇದು ಗೊತ್ತಿಲ್ಲದಿದ್ದರೆ ಚೊಕ್ಕಟವಾಗಿ ಕಾಣಲಿ ಅಂತ ಆ ಸಂದಿಗೆ ಮಣ್ಣು ತುಂಬಿ ಮುಚ್ಚುತ್ತಾನೆ. ಮುಗಿಯಿತು ಕಥೆ.

ಮಣ್ಣಿನ ಪರೀಕ್ಷೆಯೂ ಬ್ರಹ್ಮವಿದ್ಯೆ ಅಲ್ಲ. ನಯವಾಗಿ ಜರಡಿ ಹಿಡಿದ ಒಣ ಮಣ್ಣು, ಹತ್ತತ್ತು ಗ್ರಾಂ, ಎರಡು ಅಳತೆಯ ಗಾಜಿನ ಕೊಳವೆಗೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ (ಈಗ ಸಿಗುವುದೇ ಕಷ್ಟ, ಅದು ಬೇರೆ ಮಾತು :) ). ಒಂದು ದಿನ ಬಿಟ್ಟು ನೋಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ಅಲ್ಲಿ 10 ಮಿಲಿಗೆ ನಿಂತ ಮಣ್ಣು ನೀರಿನಲ್ಲಿ 18 ಮಿಲಿಗೆ ನಿಂತರೆ ಶೇಕಡಾ 80ರಷ್ಟು ಉಬ್ಬಿದೆ ಅಂತ. ಐವತ್ತು ದಾಟಿದರೇ ಹೆದರಬೇಕು. ಲ್ಯಾಬಿನಲ್ಲೇ ಮಾಡಿಸಿ, ಸರಿಯಾದ ರಿಪೋರ್ಟು ಸಿಗುತ್ತದೆ. ಭಾವ ಅದನ್ನು ಮಾಡಿಸಲಿಲ್ಲ, ದುಡ್ಡು ದಂಡ ಅಂತ. ಗೇಟಿಗೆ ಮಾತ್ರ ನವಿಲಿನ ಡಿಸೈನ್ ಇದೆ.

"ನಮ್ಮಜ್ಜ ಯಾವ ಇಂಜಿನಿಯರ್ ಕರೆಸಿದ್ದ? ಅವನ ಮನೆ ಇನ್ನೂ ನಿಂತಿಲ್ವಾ?" ಅನ್ನುವವರು ಈಗ ಬಾಯಿ ತೆರೆದಿರುತ್ತೀರಿ, ಗೊತ್ತು. ಅಜ್ಜ ಹನ್ನೆರಡಡಿ ದರೆ ಕಡಿದಿರಲಿಲ್ಲ ಸ್ವಾಮಿ, ಅವನ ಹತ್ತಿರ ಜೆಸಿಬಿ ಇರಲಿಲ್ಲ. ಮಟ್ಟ ಎಲ್ಲಿತ್ತೋ ಅಲ್ಲಿ ಕಟ್ಟಿದ. ಹೆಂಚಿನ ಮಾಡು, ಮಣ್ಣಿನ ಗಾರೆ, ಸ್ವಲ್ಪ ಅಲುಗಾಡಿದರೂ ತಡೆದುಕೊಳ್ಳುತ್ತಿತ್ತು. ತೋಟದ ಹತ್ತಿರ ಅವನು ಕಟ್ಟಿಸಿದ ಕಾಡುಗಲ್ಲಿನ ಕಟ್ಟೆಗೆ ಸಿಮೆಂಟೇ ಇಲ್ಲ, ಮಳೆಗಾಲದಲ್ಲಿ ಸಂದುಸಂದಿನಿಂದ ನೀರು ಸೋರುತ್ತದೆ, ಅದಕ್ಕೇ ನಿಂತಿದೆ. ಇನ್ನೊಂದು ಮಾತು, ಅಜ್ಜನ ಕಾಲದಲ್ಲಿ ಬಿದ್ದುಹೋದ ಮನೆಗಳನ್ನು ನಾವು ನೋಡಿಲ್ಲ, ಅವು ಬಿದ್ದಿವೆಯಲ್ಲ.

ಮೇಸ್ತ್ರಿಗಳನ್ನು ಹೀಗಳೆಯಲು ಇದನ್ನೆಲ್ಲ ಬರೆಯುತ್ತಿಲ್ಲ. ನನಗೆ ಕಟ್ಟಿಕೊಟ್ಟವರ ಮೇಲೆ ಸಿಟ್ಟು ಇದ್ದೇ ಇದೆ, ಆ ಪೈಪಿನ ತುಂಡು ನೋಡಿದ ಮೇಲೆ ಹೇಗೆ ಹೋಗುತ್ತದೆ. ಆದರೆ ಸತ್ಯ ಹೇಳಿದ ಮೇಸ್ತ್ರಿಯನ್ನು ಕಳಿಸಿದ್ದು ಯಾರು? ನಾನು. ಊರಿನಲ್ಲಿ ಹತ್ತು ಜನ ನನ್ನ ಹಾಗೆ ಮಾಡಿದರೆ ಗುಡ್ಡ ಹತ್ತಿ ನೋಡುವ ಮೇಸ್ತ್ರಿಗೆ ಕೆಲಸ ಇರುವುದಿಲ್ಲ. ಅವರ ಮಗ ಈಗ ಗಾರೆ ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಆಟೋ ಓಡಿಸುತ್ತಾನೆ.

2020ರ ಜನವರಿಯಲ್ಲಿ ನಾಚಿಕೆ ಬಿಟ್ಟು ಅವರ ಮನೆಗೇ ಹೋದೆ. ಬೈಯಲಿಲ್ಲ, ಕಾಫಿ ಕೊಟ್ಟರು. ಈ ಸಲ ಚದರ ಅನ್ನುವ ಮಾತೇ ಬರಲಿಲ್ಲ. ತೋಡುವುದಕ್ಕೆ ಇಷ್ಟು, ಕಲ್ಲು ಕಟ್ಟುವುದಕ್ಕೆ ಅಳತೆಯ ಮೇಲೆ ಇಷ್ಟು, ಹಿಂದೆ ಜಲ್ಲಿ ತುಂಬುವುದಕ್ಕೆ ಬೇರೆ. ಇಂಜಿನಿಯರ್ ಫೀಸು ನನ್ನದು. ಪಾಯ ತೋಡಿದ ಮೇಲೆ ನಾನೋ ಇಂಜಿನಿಯರೋ ಇಳಿದು ನೋಡದೆ ಒಂದು ಕಲ್ಲೂ ಇಡುವ ಹಾಗಿಲ್ಲ. ಹತ್ತರಲ್ಲಿ ಒಂದು ಪಾಲು ದುಡ್ಡು ಒಂದು ಮಳೆಗಾಲ ಕಳೆದ ಮೇಲೆ. ಈ ಕೊನೆಯ ಷರತ್ತು ಅವರೇ ಹಾಕಿದ್ದು! ಕೆಲಸ ತೋರಿಸಿ ಅಂದಾಗ ಫೋಟೋ ತೆಗೆಯಲಿಲ್ಲ, ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ಹದಿನೈದು ಮಳೆಗಾಲ ಕಂಡ ಒಂದು ಗೋಡೆ ತೋರಿಸಿದರು. ಪೈಪುಗಳ ಕೆಳಗೆಲ್ಲ ಪಾಚಿ ಕಟ್ಟಿತ್ತು. "ಪಾಚಿ ಕಟ್ಟಿದ್ರೆ ನೀರು ಬರ್ತದೆ ಅಂತ ಲೆಕ್ಕ" ಅಂದರು. ಗುಡ್ಡದ ಮೇಲಿನ ಅಗಳನ್ನು ಈಗ ಪ್ರತಿ ಮೇ ತಿಂಗಳು ನಾನೇ ನಿಂತು ಬಿಡಿಸುತ್ತೇನೆ.

ಗೆಳೆಯನಿಗೆ ಅವರ ನಂಬರೇ ಕೊಟ್ಟಿದ್ದೆ. ನಿನ್ನೆ ಮತ್ತೆ ಫೋನು. "ಏನೋ ನಿನ್ನ ಮೇಸ್ತ್ರಿ! ರೇಟು ಕೇಳಿದ್ರೆ, ಜುಲೈ ಬರ್ಲಿ, ಮಳೆ ಹಿಡಿದ ಮೇಲೆ ಜಾಗ ನೋಡ್ತೀನಿ, ಅಲ್ಲಿವರೆಗೆ ಜೆಸಿಬಿ ಬಿಡ್ಬೇಡಿ ಅಂತಾನೆ. ಅಷ್ಟು ದಿನ ಯಾರು ಕಾಯ್ತಾರೆ?" ಅಂತ ನನಗೇ ಬೈದು ಇಟ್ಟ. ಇನ್ನೊಬ್ಬರು ಯಾರೋ ಸಿಕ್ಕಿದ್ದಾರಂತೆ, ವಾಟ್ಸಾಪಿನಲ್ಲೇ ಚದರದ ರೇಟು ಕಳಿಸಿದ್ದಾರಂತೆ.